ಮೇಲೆಂದರೆ ಯಾವ ಕಡೆ?

ಸಂಸ್ಕೃತ ಪಾಠಶಾಲೆಯಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡಿ, ಮೂವತ್ತು ವರ್ಷಗಳಿಗೂ ಮಿಕ್ಕಿ ಸಾಲೆಯ ಹುಡುಗರಿಗೆ ಸಂಧಿ-ಸಮಾಸಗಳನ್ನು ಕಲಿಸಿ, ಈಗ ಪಿಂಚಣಿಯ ಅನ್ನವನ್ನುಣ್ಣುತ್ತ ಚಿಕ್ಕಪಡಸಲಗಿಯ ಮನೆಯ ಪಡಸಾಲೆಯಲ್ಲಿ ಕುಳಿತಿರುವ ನನ್ನಂಥವನು ಕಬ್ಬಿಣ ಕೊರೆಯುವ ಯಂತ್ರಗಳ ವಿಷಯವಾಗಿ ಲೇಖನಿ ಹಿಡಿಯುವದು ವಾಚಕರಿಗೆ ವಿಚಿತ್ರವೆನಿಸಬಹುದು. ನನಗೂ ಹಾಗೆಯೇ ಅನಿಸುವದು. ಆದರೆ ಕಳೆದ ಕಾರಹುಣ್ಣಿಮೆಯ ಹೊತ್ತಿಗೆ ನನ್ನ ತಂಗಿಯ ಮಗನು ಚೀಲದಿಂದ ತೆಗೆದು ನನ್ನ ಮುಂದಿಟ್ಟ ಎರಕದ ಕಬ್ಬಿಣದ ಒಂದು ಗಟ್ಟಿಯು, ನಾನು ಬಹಳ ವರ್ಷಗಳ ಹಿಂದೆ ಮಾಡಿ ಮರೆತ ಒಂದು ಅನ್ಯಾಯವನ್ನು ಎಬ್ಬಿಸಿ ನಿಲ್ಲಿಸಿತಾದ ಕಾರಣ, ಅದರ ಸಂಗತಿಯನ್ನು ಬರೆಯದೆ ಇರಲಾರೆ.

ಈ ಹುಡುಗನು (ಈಗ ಅವನಿಗೆ ಮೂವತ್ತಾರು ವರ್ಷ, ಆದರೂ ನನ್ನ ಬಾಯಿಗೆ ಹುಡುಗನೆಂದೇ ಬರುವದು) ಬೆಳಗಾವಿಯ ಒಂದು ಕಾರಖಾನೆಯಲ್ಲಿ ಕೆಲಸದಲ್ಲಿರುವನು. ಬೆಳಗಾವಿಗೂ ಕಬ್ಬಿಣದ ಕೆಲಸಕ್ಕೂ ಇರುವ ನಂಟು ಹಳೆಯದು. ಲಕ್ಷ್ಮಣರಾವ ಕಿರ್ಲೋಸ್ಕರರು 1888ರಲ್ಲಿ ಸೈಕಲ್ಲಿನ ಅಂಗಡಿಯನ್ನು ತೆರೆದುದು ಅಲ್ಲಿಯೇ. 1910ರಲ್ಲಿ ಅವರು ಔಂಧ ಸಂಸ್ಥಾನದ ಬಯಲಿಗೆ ಹೋಗಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರೂ ಬೆಳಗಾವಿಯವರ ಕೈಯಿಂದ ಆ ವಿದ್ಯೆಯು ಬಿಟ್ಟು ಹೋಗಲಿಲ್ಲ. ಇಂದು ಉದ್ಯಮಬಾಗದಲ್ಲಿ ಎರಕದ ಕುಲುಮೆಗಳೂ ಕೊರೆಯುವ ಯಂತ್ರಗಳೂ ಸಾಲುಗಟ್ಟಿ ನಿಂತಿವೆ. ವಿಮಾನಗಳ ಭಾಗಗಳನ್ನು ಕೊರೆಯುವ ಕಾರಖಾನೆಗಳು ಸಹ ಹತ್ತರಗಿಯ ಹತ್ತಿರ 2009ರಿಂದ ನಡೆದಿವೆ. ನಮ್ಮ ಹುಡುಗನ ಕಾರಖಾನೆಯು ಅಷ್ಟು ದೊಡ್ಡದಲ್ಲ. ಎಣ್ಣೆಯ ಒತ್ತಡದಿಂದ ನಡೆಯುವ ಯಂತ್ರಗಳಿಗೆ ಬೇಕಾದ ಕವಾಟಗಳ ಒಡಲನ್ನು ಅಲ್ಲಿ ಕೊರೆಯುವರು.

ಅವನ ಕೆಲಸದ ಬಗೆಯನ್ನು ನಾನು ತಿಳಿದಷ್ಟು ಹೇಳುವೆನು. ಒಂದು ವಸ್ತುವಿನ ಆಕಾರವನ್ನು ಗಣಕಯಂತ್ರದಲ್ಲಿ ಉದ್ದ, ಅಗಲ, ಎತ್ತರಗಳೊಡನೆ ರಚಿಸುವ ತಂತ್ರಾಂಶವೊಂದು; ಅದಕ್ಕೆ ಕ್ಯಾಡ್ ಎಂದು ಹೆಸರು. ಹಾಗೆ ರಚಿಸಿದ ಆಕಾರವನ್ನು ತೆಗೆದುಕೊಂಡು, ಕೊರೆಯುವ ಉಳಿಯು ಎಲ್ಲಿಂದ ಹೊರಟು ಯಾವ ದಾರಿಯಿಂದ ಎಷ್ಟು ಆಳಕ್ಕೆ ಸಾಗಬೇಕೆಂಬುದನ್ನು ಗುಣಿಸಿ, ಯಂತ್ರಕ್ಕೆ ಅಪ್ಪಣೆಗಳ ಪಟ್ಟಿಯನ್ನು ಬರೆದುಕೊಡುವ ತಂತ್ರಾಂಶ ಇನ್ನೊಂದು, ಅದು ಕ್ಯಾಮ್. ಮೊದಲನೆಯದನ್ನು ನಡೆಸುವವನು ಪುಣೆಯಲ್ಲಿರಬಹುದು, ಜರ್ಮನಿಯಲ್ಲಿಯೂ ಇರಬಹುದು. ಎರಡನೆಯದು ನಮ್ಮ ಹುಡುಗನ ಮೇಜಿನ ಮೇಲಿನದು. ಇವರಿಬ್ಬರ ನಡುವೆ ಆಕಾರವನ್ನು ಹೊತ್ತು ತರುವದಕ್ಕೆ ಸ್ಟೆಪ್ ಎಂಬ ಒಂದು ಬಗೆಯ ಕಡತವಿದೆ. 1994ರಲ್ಲಿ ಅದು ಅಂತರರಾಷ್ಟ್ರೀಯ ಪ್ರಮಾಣವಾಗಿ ಪ್ರಕಟವಾದಂದಿನಿಂದ, ಒಂದು ತಂತ್ರಾಂಶದಲ್ಲಿ ರಚಿಸಿದ ವಸ್ತುವನ್ನು ಇನ್ನೊಂದರಲ್ಲಿ ತೆರೆಯುವದು ಸುಲಭವಾಗಿದೆಯಂತೆ. ಅಳತೆಗಳೆಲ್ಲ ಅದರೊಳಗೆ ಕೂದಲೆಳೆಯಷ್ಟೂ ಕೆಡದೆ ಬರುವವು.

ಇಷ್ಟನ್ನು ಕೇಳಿ ನಾನು, “ಹಾಗಾದರೆ ನಿನಗೇನು ಕೆಲಸ ಉಳಿಯಿತು?” ಎಂದೆನು.

ಅವನು ನಗಲಿಲ್ಲ. ಆ ಕಬ್ಬಿಣದ ಗಟ್ಟಿಯನ್ನು ನನ್ನ ಕಡೆಗೆ ಸರಿಸಿ, “ಮಾಮಾ, ಇದರಾಗ ಮ್ಯಾಲಿನ ಮುಖ ಯಾವುದು, ಹೇಳು” ಎಂದನು.

ನಾನು ಕನ್ನಡಕವನ್ನೇರಿಸಿ ನೋಡಿದೆನು. ಗೇಣುದ್ದದ, ಹೆಚ್ಚುಕಡಿಮೆ ನಾಲ್ಮೂಲೆ ಸಮವಾದ ಗಟ್ಟಿ. ಎರಡು ಎದುರುಬದುರು ಮುಖಗಳಲ್ಲಿ ಮೂಲೆಗೊಂದರಂತೆ ನಾಲ್ಕು ತೂತು. ಆ ಎರಡು ಮುಖಗಳಿಗೆ ಇರುವ ಭೇದವೆಂದರೆ, ಒಂದರಲ್ಲಿ ನಟ್ಟನಡುವೆ ಇರಬೇಕಾದ ಸಣ್ಣ ತೂತು ಇನ್ನೊಂದರಲ್ಲಿ ತುಸು ಬದಿಗೆ ಸರಿದಿರಬೇಕು. ಯಾವುದು ತಲೆ, ಯಾವುದು ತಳ ಎಂಬುದನ್ನು ಅದೇ ಹೇಳುವದಿಲ್ಲ. ಹೇಳಬೇಕಾದವನು ಮನುಷ್ಯನು.

ಆಗ ಅವನು ನಡೆದುದನ್ನು ಹೇಳಿದನು. ಆಕಾರವನ್ನು ರಚಿಸುವವನು ಗಣಕದ ತೆರೆಯನ್ನು ಗೋಡೆಗೆ ತೂಗಹಾಕಿದ ಹಾಳೆಯಂತೆ ನೋಡುವನು. ಬಲಕ್ಕೆ ಹೋಗುವ ಗೆರೆ ಎಕ್ಸ್, ಮೇಲಕ್ಕೆ ಏರುವ ಗೆರೆ ವಾಯ್, ಹಾಳೆಯಿಂದ ಹೊರಬಿದ್ದು ಅವನ ಮೂಗಿನತ್ತ ಬರುವ ಗೆರೆ ಝಡ್. ಸಾಲಿಡ್‌ವರ್ಕ್ಸ್ ಎಂಬ ಪ್ರಸಿದ್ಧ ತಂತ್ರಾಂಶದಲ್ಲಿ ಮೂಲತಃ ಇದೇ ಏರ್ಪಾಡು. ಆದರೆ ಕೊರೆಯುವ ಯಂತ್ರದ ಹಾಸು ನೆಲದಂತೆ ಮಲಗಿದ್ದು, ಉಳಿಯನ್ನು ಹಿಡಿದು ತಿರುಗುವ ಕದಿರು ಮೇಲಿನಿಂದ ಕೆಳಕ್ಕೆ ಇಳಿಯುವದು. ಕದಿರು ಯಾವ ಗೆರೆಯಲ್ಲಿದೆಯೋ ಅದಕ್ಕೆ ಝಡ್ ಎನ್ನಬೇಕು, ಉಳಿಯು ವಸ್ತುವಿನಿಂದ ದೂರ ಸರಿಯುವ ದಿಕ್ಕನ್ನು ಧನವೆಂದೆಣಿಸಬೇಕು ಎಂಬುದು ಯಂತ್ರದವರ ಜಗತ್ತಿನ ಕಟ್ಟಳೆ. ಹೀಗೆ ಒಬ್ಬನು ಗೋಡೆಗೆ ಮುಖಮಾಡಿ ಬರೆದಿರುವನು. ಇನ್ನೊಬ್ಬನು ನೆಲವನ್ನು ನೋಡುತ್ತ ಕೊರೆಯುವನು. ಗೋಡೆಯವನ ಮೇಲು ವಾಯ್. ನೆಲದವನ ಮೇಲು ಝಡ್. ಆದುದರಿಂದ ಅಲ್ಲಿಂದ ಬಂದ ಆಕಾರವು ಇಲ್ಲಿ ತೆರೆದೊಡನೆ, ಉಂಡು ಮಲಗಿದವನಂತೆ ಅಂಗಾತ ಬಿದ್ದಿರುವದು. ಅದನ್ನು ಎಬ್ಬಿಸಿ ನಿಲ್ಲಿಸುವದು ಕ್ಯಾಮ್ ನಡೆಸುವವನ ಮೊದಲನೆಯ ಕೆಲಸ.

ನಮ್ಮವನು ಎಬ್ಬಿಸಿದನು. ಎಕ್ಸ್ ಗೆರೆಯ ಸುತ್ತ ತೊಂಬತ್ತು ಅಂಶ ಹೊರಳಿಸಿದನು. ಆದರೆ ಹೊರಳಿಸಬೇಕಾದುದು ಈ ಕಡೆಗೆ. ಹೊರಳಿಸಿದ್ದು ಆ ಕಡೆಗೆ. ಗಟ್ಟಿಯು ಎದ್ದು ನಿಂತಿತು, ಆದರೆ ತಲೆಕೆಳಗಾಗಿ ನಿಂತಿತು. ಎರಡೂ ಮುಖಗಳು ಒಂದನ್ನೊಂದು ಹೋಲುತ್ತಿದ್ದುದರಿಂದ ಅವನ ಕಣ್ಣಿಗೆ ಅದು ಬೀಳಲಿಲ್ಲ. ರಾತ್ರಿಯ ಪಾಳಿಯಲ್ಲಿ ಯಂತ್ರವನ್ನು ನಡೆಸುವವನು, ಎರಕದ ಗಟ್ಟಿಯನ್ನು ಪ್ರತಿದಿನದ ರೂಢಿಯಂತೆ ತಲೆಯನ್ನು ಮೇಲುಮಾಡಿ ವೈಸಿನಲ್ಲಿ ಬಿಗಿದನು. ಗುಣಿಕೆಯಲ್ಲಿ ತಳವು ಮೇಲಾಗಿತ್ತು. ಯಂತ್ರದ ಮೇಲೆ ತಲೆಯು ಮೇಲಾಗಿತ್ತು. ತಳಕ್ಕೆ ಸಲ್ಲುವ ತೂತುಗಳೆಲ್ಲ ತಲೆಗೆ ಬಿದ್ದವು. ಮಾಲು ಕಳಿಸುವ ಅವಸರವಿದ್ದುದರಿಂದ ಮೊದಲಿನ ಗಟ್ಟಿಯನ್ನು ತಪಾಸಿಸುವ ಮುಂಚೆಯೇ ಇನ್ನೆರಡನ್ನು ಕೊರೆದರು. ಬೆಳಿಗ್ಗೆ ತಪಾಸಣೆಯವನು ಅಳೆದು ನೋಡಲಾಗಿ, ಪ್ರತಿಯೊಂದು ತೂತೂ ಮಿಲಿಮೀಟರಿನ ನೂರನೆಯ ಒಂದು ಪಾಲಿನಷ್ಟು ಸಹ ತಪ್ಪಿರಲಿಲ್ಲ. ಮೂರು ಗಟ್ಟಿಗಳೂ ಮೋಡಕಾಕ್ಕೆ ಹೋದವು. ಅವುಗಳಲ್ಲೊಂದು ನನ್ನ ಮುಂದಿತ್ತು.

ಇಷ್ಟೇ ಆಗಿದ್ದರೆ ಅವನು ಹಬ್ಬದ ದಿನ ಹೋಳಿಗೆಯನ್ನು ಮುರಿದಿಟ್ಟು ಏಳುತ್ತಿರಲಿಲ್ಲ. ಮಾಲೀಕರು ಕೇಳಿದಾಗ, ಗಟ್ಟಿಯನ್ನು ಬಿಗಿದವನೇ ತಿರುವುಮುರುವಾಗಿ ಬಿಗಿದನೆಂಬ ಮಾತು ಯಾರ ಬಾಯಿಂದಲೋ ಹೊರಟಿತು. ನಮ್ಮ ಹುಡುಗನು ಹೌದೆನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ. ರಾತ್ರಿಯ ಪಾಳಿಯವನನ್ನು ಒಂದು ವಾರ ಕೂಲಿಯಿಲ್ಲದೆ ಮನೆಗೆ ಕಳಿಸಿದರು. ಅವನು ಎರಡು ಮಕ್ಕಳ ತಂದೆ. ದಿನಗೂಲಿಯ ಮೇಲೆ ದುಡಿಯುವವನು.

ಇದನ್ನು ಕೇಳಿ ನನಗೆ ಸಿಟ್ಟು ಬಂದಿತು. ಸಾಲೆಯಲ್ಲಿ ಬರುತ್ತಿದ್ದಂಥ ಸಿಟ್ಟು. “ಮೇಲು-ಕೆಳಗು ತಿಳಿಯದವನು ನೀನು ಮೊದಲಿನಿಂದಲೂ!” ಎಂದುಬಿಟ್ಟೆನು. ಹಾಗೆಂದ ಮರುಗಳಿಗೆಯೇ ನನ್ನ ನಾಲಿಗೆಯು ಕಟ್ಟಿತು. ಯಾಕಂದರೆ ಆ ಮಾತನ್ನು ನಾನು ಅವನಿಗೆ ಹಿಂದೊಮ್ಮೆ ಅಂದಿದ್ದೆನು.

1998ನೆಯ ಇಸವಿಯ ಸುಮಾರಿಗೆ ನಾನು ಕೃಷ್ಣೆಯ ದಕ್ಷಿಣಕ್ಕಿರುವ ಒಂದು ಹಳ್ಳಿಯ ಸಾಲೆಯಲ್ಲಿದ್ದೆನು. ತಂಗಿಯ ಮಗನು ನಮ್ಮ ಮನೆಯಲ್ಲಿದ್ದು ಅದೇ ಸಾಲೆಗೆ ಬರುತ್ತಿದ್ದನು. ಭೂಗೋಲದ ಮಾಸ್ತರರು ರಜೆಯ ಮೇಲಿದ್ದರೆಂದು ಒಂದು ದಿನ ಆ ತರಗತಿಯನ್ನು ನಾನೇ ತೆಗೆದುಕೊಂಡು, ತಾಲೂಕಿನ ನಕಾಶೆಯನ್ನು ದಕ್ಷಿಣದ ಗೋಡೆಯ ಮೊಳೆಗೆ ತೂಗಹಾಕಿದೆನು. ಮೊಳೆ ಇದ್ದುದು ಆ ಗೋಡೆಗೆ ಮಾತ್ರ. ಅರ್ಧ ತಾಸು ಪಾಠ ಹೇಳಿ, “ಹೊಳೆ ಯಾವ ಕಡೆಗಿದೆ? ಕೈಮಾಡಿ ತೋರಿಸು” ಎಂದು ಇವನನ್ನು ಎಬ್ಬಿಸಿದೆನು. ಇವನು ನಕಾಶೆಯನ್ನು ಚೆನ್ನಾಗಿ ನೋಡಿ, ಕೈಯೆತ್ತಿ ನೇರವಾಗಿ ಮಾಳಿಗೆಯ ಜಂತಿಯನ್ನು ತೋರಿಸಿದನು. ತರಗತಿಯೆಲ್ಲ ನಕ್ಕಿತು. “ಸೂರ್ಯ ಹುಟ್ಟುವದು ಎಲ್ಲಿ?” ಎಂದು ಕೇಳಿದರೆ ನಕಾಶೆಯ ಬಲಗಡೆಗೆ ಕೈಮಾಡಿದನು, ದಕ್ಷಿಣಕ್ಕೆ ಮುಖಮಾಡಿ ಕುಳಿತವರಿಗೆ ಬಲಗಡೆಯೆಂದರೆ ಪಡುವಣವಷ್ಟೇ. ದಿನಾಲೂ ಹೊಳೆಯಲ್ಲಿ ಈಸುವ ಹುಡುಗನು ಹೊಳೆಯನ್ನು ಮಾಳಿಗೆಯ ಮೇಲೆ ಹತ್ತಿಸುವದು ಉದ್ಧಟತನವೆಂದು ತಿಳಿದು ನಾನು ಅವನಿಗೆ ಎರಡು ಏಟು ಹಾಕಿದೆನು. ನನ್ನ ಸಂಬಂಧಿಕನಾದುದರಿಂದ ಪಕ್ಷಪಾತವೆಂದಾರೆಂದು ಮೂರನೆಯದನ್ನೂ ಹಾಕಿದೆನೆಂದು ನೆನಪು.

ಆ ಹುಡುಗನು ಮಾಡಿದ ತಪ್ಪಾದರೂ ಏನು? ಗೋಡೆಯ ಮೇಲಿನ ಹಾಳೆಯಲ್ಲಿ ಹೊಳೆ ಮೇಲೆಯೇ ಇತ್ತು. ಉತ್ತರವನ್ನು ಹಾಳೆಯ ತಲೆಗೆ ಇಡುವದು ನಕಾಶೆಗಾರರ ರೂಢಿಯಷ್ಟೇ. 1154ರಲ್ಲಿ ಅಲ್-ಇದ್ರಿಸಿ ಎಂಬ ಅರಬ ಪಂಡಿತನು ಮಾಡಿದ ನಕಾಶೆಯಲ್ಲಿ ದಕ್ಷಿಣವೇ ಮೇಲಿದೆ. ಅದೇ ಕಾಲದ ಐರೋಪ್ಯ ಪಾದ್ರಿಗಳ ನಕಾಶೆಗಳಲ್ಲಿ ಪೂರ್ವವು ಮೇಲೆ. ಇಂಗ್ಲಿಷರು ದಿಕ್ಕುಗೊಳಿಸುವದಕ್ಕೆ ಓರಿಯಂಟೇಶನ್ ಎನ್ನುವರಲ್ಲ, ಆ ಶಬ್ದದ ಮೂಲವೇ ಲ್ಯಾಟಿನ್ನಿನಲ್ಲಿ ಹುಟ್ಟುವ ಸೂರ್ಯನೆಂದು.

ನನ್ನನ್ನು ಹೆಚ್ಚು ನಾಚಿಸಿದುದು ಬೇರೆ. ಅಮರಕೋಶದ ದಿಗ್ವರ್ಗವನ್ನು ನಾನು ಹತ್ತು ವರ್ಷದವನಿದ್ದಾಗ ಒಪ್ಪಿಸಿದವನು. ಅಲ್ಲಿ ಉತ್ತರ ದಿಕ್ಕಿಗೆ ಉದೀಚಿಯೆಂಬ ಹೆಸರಿದೆ. ಉತ್ ಎಂಬ ಉಪಸರ್ಗಕ್ಕೆ ಮೇಲಕ್ಕೆ ಎಂದು ಅರ್ಥ. ಉದೀಚಿಯೆಂದರೆ ಮೇಲಕ್ಕೆ ಹೋಗುವದು. ದಕ್ಷಿಣಕ್ಕೆ ಅವಾಚಿ, ಕೆಳಗೆ ಹೋಗುವದು. ಪ್ರಾಚಿಯೆಂದರೆ ಮುಂದಕ್ಕೆ ಹೋಗುವದು, ಪ್ರತೀಚಿಯೆಂದರೆ ಹಿಂದಕ್ಕೆ. ದಕ್ಷಿಣ ಶಬ್ದಕ್ಕೆ ಬಲಗೈಯೆಂಬ ಅರ್ಥವಿರುವದು ಎಲ್ಲರಿಗೂ ಗೊತ್ತು. ಅಂದರೆ ಹುಟ್ಟುವ ಸೂರ್ಯನಿಗೆ ಮುಖಮಾಡಿ ನಿಂತ ಒಬ್ಬ ಮನುಷ್ಯನ ಮೈಯೇ ನಮ್ಮ ದಿಕ್ಕುಗಳ ಹೆಸರುಗಳಿಗೆಲ್ಲ ಮೂಲ. ಮುಖವನ್ನು ತಿರುಗಿಸಿ ನಿಂತರೆ ಆ ಹೆಸರುಗಳು ಮೈಗೆ ಹೊಂದುವದಿಲ್ಲ. ಉದೀಚಿಯನ್ನು ಬಾಯಿಪಾಠ ಮಾಡಿದ ಮಾಸ್ತರನು, ಉತ್ತರವನ್ನು ಮೇಲೆಂದು ತೋರಿಸಿದ ಬಾಲಕನನ್ನು ಹೊಡೆದನು! ನಕಾಶೆಯನ್ನು ಗೋಡೆಯಿಂದಿಳಿಸಿ, ನೆಲದ ಮೇಲೆ ಹಾಸಿ, ಅದರ ತಲೆಯನ್ನು ಹೊಳೆಯ ಕಡೆಗೆ ತಿರುಗಿಸಿದ್ದರೆ ಮೂರು ವರ್ಷದ ಕೂಸು ಸಹ ಸರಿಯಾಗಿ ಕೈಮಾಡುತ್ತಿತ್ತು.

ಸಂಜೆಗೆ ಇಬ್ಬರೂ ಹೊಳೆಯ ಕಡೆಗೆ ಹೋದೆವು. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ಈ ಭಾಗದ ರೈತರು ತಾವೇ ಹಣ ಕೂಡಿಸಿ, ಮೈಮುರಿದು ದುಡಿದು ಕಟ್ಟಿದ ಒಡ್ಡು, ಶ್ರಮಬಿಂದು ಸಾಗರವೆಂಬ ಹೆಸರಿನದು, ನಮ್ಮೂರಲ್ಲಿರುವದನ್ನು ವಾಚಕರು ಬಲ್ಲರು. ಅಲ್ಲಿ ಕುಳಿತು ನಾನು ನಕಾಶೆಯ ಮಾತನ್ನು ತೆಗೆದೆನು. ನನಗೆ ನೆನಪಿದ್ದುದು ಹೊಳೆಯ ಪ್ರಶ್ನೆ. ಅವನಿಗೆ ನೆನಪಿದ್ದುದು ಸೂರ್ಯನದು. “ಹೊಳಿ ಮ್ಯಾಲೈತಿ ಅಂದದ್ದಕ್ಕ ಎಲ್ಲಾರೂ ನಕ್ಕರು, ಅದನ್ನ ಮರತೆ. ಸೂರ್ಯಾ ಹುಟ್ಟೋದು ನನಗ ಗೊತ್ತಿತ್ತು, ಮಾಮಾ. ಆದರ ನೀ ಪಟದಾಗ ಕೇಳೀ ಅಂತ ತಿಳಕೊಂಡೆ” ಎಂದನು. ಇಷ್ಟು ವರ್ಷಗಳ ಮೇಲೆ ಈ ವಿವರಣೆಯನ್ನು ನಾನು ಮೊದಲ ಸಲ ಕೇಳಿದೆನು. ಅಂದು ಕೇಳಿಕೊಳ್ಳುವ ವ್ಯವಧಾನವು ಮಾಸ್ತರನಿಗಿರಲಿಲ್ಲ.

ಆ ಮೇಲೆ ಮಾತು ಮತ್ತೆ ಅವನ ಯಂತ್ರದ ಕಡೆಗೆ ಹೊರಳಿತು. ಆಕಾರವು ಅಡ್ಡಬಿದ್ದು ಬಂದಾಗ ಏನು ಮಾಡುವದು ಸರಿಯೆಂದು ನಾನು ಕೇಳಿದೆನು. ಎರಡು ದಾರಿಗಳಿವೆಯಂತೆ. ಆಕಾರವನ್ನೇ ಹಿಡಿದು ಹೊರಳಿಸುವದು ಒಂದು. ಅವನು ಆ ರಾತ್ರಿ ಮಾಡಿದುದು ಅದನ್ನೇ. ಆಕಾರವನ್ನು ಮುಟ್ಟದೆ ಬಂದಂತೆಯೇ ಬಿಟ್ಟು, ಅದರ ಮುಖಗಳ ಮೇಲೆ ಗೆರೆಗಳನ್ನು ನೆಡುವದು ಇನ್ನೊಂದು. ಇಂಥ ಮುಖಕ್ಕೆ ಲಂಬವಾಗಿ ಝಡ್, ಇಂಥ ಅಂಚಿನ ಗುಂಟ ಎಕ್ಸ್, ಇಂಥ ಮೂಲೆಯೇ ಸೊನ್ನೆ, ಎಂದು ಬೆರಳಿಟ್ಟು ತೋರಿಸಿದರೆ ತಂತ್ರಾಂಶವು ಅದರಂತೆ ನಡೆಯುವದು. ವಾಯ್ ಗೆರೆಯನ್ನು ತೋರಿಸುವ ಕಾರಣವಿಲ್ಲ. ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳನ್ನು ಒಂದಕ್ಕೊಂದು ನೆಟ್ಟಗೆ ಚಾಚಿದರೆ ಎರಡು ನಿಶ್ಚಿತವಾದೊಡನೆ ಮೂರನೆಯದು ತಾನೇ ನಿಶ್ಚಿತವಾಗುವದು. ಎರಡನೆಯ ದಾರಿಯೇ ಮೇಲೆಂದು ಅವನ ಅಭಿಪ್ರಾಯ. ಅದೇಕೆಂದರೆ, ರಚಿಸುವವನು ನಾಳೆ ಒಂದು ತೂತನ್ನು ತಿದ್ದಿ ಹೊಸ ಕಡತವನ್ನು ಕಳಿಸಿದರೆ ಅದು ಮತ್ತೆ ಅಂಗಾತವಾಗಿಯೇ ಬರುವದು. ಹಿಂದೆ ಯಾವ ಕಡೆಗೆ ಎಷ್ಟು ಸಲ ಹೊರಳಿಸಿದ್ದೆನೆಂಬುದು ಯಾರಿಗೆ ನೆನಪಿರುವದು? ಹೊರಳಿಸುವ ಕ್ರಮವನ್ನು ಹಿಂದುಮುಂದು ಮಾಡಿದರೂ ಫಲವು ಬೇರೆಯಾಗುವದು. ಇದನ್ನು ನಾನು ನಂಬದಿರಲು ಅವನು ತನ್ನ ಪಾಕೀಟನ್ನು ಹಿಡಿದು ಮೊದಲು ಮುಂದಕ್ಕೆ ಕೆಡವಿ ಆಮೇಲೆ ಬಲಕ್ಕೆ ತಿರುಗಿಸಿದನು. ಪುನಃ ಮೊದಲು ಬಲಕ್ಕೆ ತಿರುಗಿಸಿ ಆಮೇಲೆ ಮುಂದಕ್ಕೆ ಕೆಡವಿದನು. ಎರಡು ಸಲವೂ ಬೇರೆ ಬೇರೆಯಾಗಿ ಬಿದ್ದಿತು. ಮನೆಗೆ ಬಂದ ಮೇಲೆ ನಾನು ಪಂಚಾಂಗವನ್ನು ಹಿಡಿದು ನಾಲ್ಕಾರು ಸಲ ಪರೀಕ್ಷಿಸಿದೆನು. ಅವನು ಹೇಳಿದ್ದು ದಿಟ.

ನೀರನ್ನು ನೋಡುತ್ತ ನನಗೆ ಪಾಠಶಾಲೆಯ ಅಂಗಳವು ನೆನಪಾಯಿತು. ನಮ್ಮ ಗುರುಗಳು ಒಮ್ಮೆ ದಿಕ್ಸಾಧನವನ್ನು ಮಾಡಿ ತೋರಿಸಿದ್ದರು. ನೀರು ಹೊಯ್ದು ಸಮ ಮಾಡಿದ ನೆಲದಲ್ಲಿ ಶಂಕುವನ್ನು ನೆಟ್ಟು, ಅದರ ಸುತ್ತ ಹಗ್ಗದಿಂದ ವೃತ್ತವನ್ನು ಎಳೆಯುವದು. ಮುಂಜಾನೆ ಉದ್ದವಾಗಿದ್ದ ನೆರಳು ಕುಗ್ಗುತ್ತ ಬಂದು ಅದರ ತುದಿಯು ವೃತ್ತದೊಳಗೆ ಹೊಗುವಲ್ಲಿ ಒಂದು ಗುರುತು. ಮಧ್ಯಾಹ್ನದ ಮೇಲೆ ಬೆಳೆಯುತ್ತ ಹೋಗಿ ವೃತ್ತವನ್ನು ದಾಟುವಲ್ಲಿ ಇನ್ನೊಂದು. ಎರಡನ್ನೂ ಕೂಡಿಸಿದ ಗೆರೆಯೇ ಪೂರ್ವ-ಪಶ್ಚಿಮ. ಕಾತ್ಯಾಯನ ಶುಲ್ಬಸೂತ್ರದಲ್ಲಿ ಈ ಕ್ರಮವಿದೆ. ಸೂರ್ಯಸಿದ್ಧಾಂತವೂ ಇದನ್ನು ಹೇಳುವದು. ವೇದಿಯ ಇಟ್ಟಿಗೆಗಳ ಅಳತೆಯನ್ನು ಹಗ್ಗದ ಗಂಟುಗಳಲ್ಲಿ ಕಟ್ಟಿಕೊಂಡು ಊರಿಂದೂರಿಗೆ ಒಯ್ಯಬಹುದು. ಪೂರ್ವದ ಗೆರೆಯನ್ನು ಮಾತ್ರ ಒಯ್ಯಲು ಬಾರದು. ವೇದಿಯನ್ನು ಕಟ್ಟುವ ನೆಲದಲ್ಲಿಯೇ ಶಂಕುವನ್ನು ನೆಟ್ಟು ಒಂದು ಹಗಲು ಕಾಯಬೇಕು. ಬಾಲ್ಯದಲ್ಲಿ ನಮಗೆ ಅದು ಬೇಸರದ ಕೆಲಸವಾಗಿತ್ತು. ಗುರುಗಳು ಮಧ್ಯಾಹ್ನದ ಊಟಕ್ಕೆ ಸಹ ನಮ್ಮನ್ನು ಸರದಿಯಿಂದ ಕಳಿಸಿದರು.

ಹುಡುಗನು ಇದನ್ನು ಬಹಳ ಆಸಕ್ತಿಯಿಂದ ಕೇಳಿದನು. ತಮ್ಮಲ್ಲಿಯೂ ಅಂಥದೇ ಒಂದು ನಿಯಮವಿರುವದೆಂದು ಹೇಳಿದನು. ಒಂದು ವಸ್ತುವನ್ನು ಅಲುಗದಂತೆ ನಿಲ್ಲಿಸಲು ಆರು ಬಿಂದುಗಳು ಸಾಕು: ಮೊದಲ ಮುಖಕ್ಕೆ ಮೂರು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಒಂದು. ಮೂರು ಬಿಂದುಗಳ ಮೇಲೆ ಕುಳಿತ ವಸ್ತುವು, ನಮ್ಮ ಮೂರು ಕಲ್ಲಿನ ಒಲೆಯ ಮೇಲಿನ ಗಡಿಗೆಯಂತೆ, ಡುಗುಡುಗಿಸುವದಿಲ್ಲ. ಎರಡು ಬಿಂದುಗಳಿಗೆ ಆತುಕೊಂಡರೆ ತಿರುಗುವದಿಲ್ಲ. ಕಡೆಯದೊಂದು ತಡೆದರೆ ಸರಿಯುವದಿಲ್ಲ. ಆ ಮೇಲೆ ಸೊನ್ನೆಯ ಮೂಲೆ ಎಲ್ಲಿದೆಯೆಂಬುದನ್ನು ಯಂತ್ರಕ್ಕೆ ಮುಟ್ಟಿಸಿ ತೋರಿಸಿ, ಜಿ 54 ಎಂಬ ಮನೆಯಲ್ಲಿ ಬರೆದಿಡುವರು. ತಂತ್ರಾಂಶದಲ್ಲಿ ತೋರಿಸಿದ ಮೂಲೆಯೂ ವೈಸಿನಲ್ಲಿ ಮುಟ್ಟಿಸಿದ ಮೂಲೆಯೂ ಒಂದೇ ಆಗಿರಬೇಕು. ಅದು ಒಂದೇ ಎಂದು ಯಂತ್ರವು ತಿಳಿಯದು.

“ಹಾಗಾದರೆ ಆ ರಾತ್ರಿಯ ಪಾಳಿಯವನಿಗೆ ನೀನು ಏನೆಂದು ಬರೆದುಕೊಟ್ಟಿದ್ದೆ?” ಎಂದು ಕೇಳಿದೆನು.

ಅವನು ಬಹಳ ಹೊತ್ತು ಮಾತಾಡಲಿಲ್ಲ. ಬಿಗಿಯುವ ಬಗೆಯನ್ನು ತಿಳಿಸುವ ಒಂದು ಹಾಳೆಯನ್ನು ಯಂತ್ರದವನಿಗೆ ಕೊಡುವದು ಅವರಲ್ಲಿ ಪದ್ಧತಿ. ಅಂದು ಅವಸರದಲ್ಲಿ ಅದರಲ್ಲಿ ಉಳಿಗಳ ಪಟ್ಟಿಯನ್ನಷ್ಟೇ ಬರೆದು, ಯಾವ ಮುಖ ಮೇಲೆಂಬ ಅಂಕಣವನ್ನು ಖಾಲಿ ಬಿಟ್ಟಿದ್ದನಂತೆ. ದಿನಾಲೂ ಬಿಗಿಯುವವನಿಗೆ ಅದನ್ನೇನು ಹೇಳುವದೆಂದು ಬಿಟ್ಟಿದ್ದನು.

ಯಾವ ಕರ್ಮವನ್ನು ಮಾಡುವಾಗಲೂ ನಾವು ಮೊದಲು ಸಂಕಲ್ಪವನ್ನು ಹೇಳುವೆವು. ಯಾವ ಖಂಡ, ಯಾವ ನದಿಯ ಯಾವ ತೀರ, ಯಾವ ಮಾಸ, ಯಾವ ತಿಥಿ ಎಂದು ದಿನಾಲೂ ಅದೇ ನೆಲದ ಮೇಲೆ ಕುಳಿತವನೂ ದಿನಾಲೂ ಹೇಳಿಕೊಳ್ಳುವನು. ಪಾಠಶಾಲೆಯಲ್ಲಿ ಒಬ್ಬ ಚೂಟಿಯು, ನಾವಿರುವ ಸ್ಥಳ ದೇವರಿಗೆ ಗೊತ್ತಿಲ್ಲವೇ ಎಂದು ಕೇಳಿ ಬೈಸಿಕೊಂಡಿದ್ದನು. ಆ ಚೂಟಿಯು ನಾನೇ. ಇದನ್ನು ಹೇಳಿದಾಗ ನಮ್ಮ ಹುಡುಗನು ಆ ದಿನದಲ್ಲಿ ಮೊದಲ ಸಲ ನಕ್ಕನು. ನಾನು ಮಾತ್ರ ನಗದೆ, ಮೂರು ಏಟುಗಳ ವಿಷಯದಲ್ಲಿ ಹೇಳಬೇಕಾದ ಒಂದು ಮಾತನ್ನು ಹೇಳಿ ಮುಗಿಸಿದೆನು. ಸೋದರಳಿಯನೊಡನೆ ಅಂಥ ಮಾತನ್ನಾಡುವದು ನಮ್ಮ ಮನೆಗಳಲ್ಲಿ ರೂಢಿಯಿಲ್ಲ. ಅವನು ಹೊಳೆಯ ಕಡೆಗೆ ಮುಖ ತಿರುಗಿಸಿ ಕುಳಿತನು.

ಮರುದಿನ ನಸುಕಿನ ಬಸ್ಸಿಗೆ ಅವನು ಹೊರಟನು. ರಜೆ ಇನ್ನೂ ಎರಡು ದಿನವಿತ್ತು. ಮೂರನೆಯ ದಿನ ಫೋನು ಬಂದಿತು. ಮಾಲೀಕರ ಮುಂದೆ ಹೊರಳಿಸಿದವನು ತಾನೇ ಎಂದು ಹೇಳಿದನಂತೆ; ಖಾಲಿ ಬಿಟ್ಟ ಅಂಕಣವನ್ನೂ ತೋರಿಸಿದನಂತೆ. ಮೂರು ಗಟ್ಟಿಗಳ ಬೆಲೆಯನ್ನು ಅವನ ಸಂಬಳದಲ್ಲಿ ಎರಡು ಕಂತುಗಳಾಗಿ ಮುರಿದುಕೊಳ್ಳುವರು. ರಾತ್ರಿಯವನು ಕೆಲಸಕ್ಕೆ ಮರಳಿದನು. ತಪ್ಪಿದ ಕೂಲಿಯಲ್ಲಿ ಅರ್ಧವನ್ನು ಮಾಲೀಕರು ಕೊಟ್ಟರು, ಉಳಿದ ಅರ್ಧವನ್ನು ಇವನು ಕೊಡಹೋದರೆ ಅವನು ತೆಗೆದುಕೊಳ್ಳಲಿಲ್ಲ. ಇವನೊಡನೆ ಮಾತು ಸಹ ಇನ್ನೂ ಸರಿಯಾಗಿ ಆಡುವದಿಲ್ಲವಂತೆ.

ಆ ಗಟ್ಟಿಯನ್ನು ಅವನು ನನ್ನಲ್ಲಿಯೇ ಬಿಟ್ಟು ಹೋಗಿರುವನು. ಗಾಳಿಗೆ ಹಾಳೆಗಳು ಹಾರದಂತೆ ನಾನು ಅದನ್ನು ಮೇಜಿನ ಮೇಲೆ ಇಟ್ಟುಕೊಂಡು, ಸಣ್ಣ ತೂತು ಬದಿಗೆ ಸರಿದಿರುವ ಮುಖದ ಮೇಲೆ ಸೀಮೆಸುಣ್ಣದಿಂದ ‘ತಳ’ ಎಂದು ಬರೆದಿರುವೆನು. ಕೊರೆದದ್ದು ತಲೆಯ ಮೇಲಾದರೂ ತೂತುಗಳು ತಳದವೇ ಅಲ್ಲವೇ; ಏನೆಂದು ಬರೆಯಬೇಕೆಂಬುದರ ಬಗ್ಗೆ ಅರ್ಧ ದಿನ ವಿಚಾರ ಮಾಡಿದೆನು. ಕಸ ಹೊಡೆಯಲು ಬರುವ ಮುದುಕಿಯು ದಿನಾಲೂ ಮೇಜು ಒರೆಸಿ ಅದನ್ನು ತನಗೆ ತೋಚಿದಂತೆ ಇಟ್ಟು ಹೋಗುವಳು. ಒಂದು ದಿನ ಅಕ್ಷರ ಮೇಲೆ, ಒಂದು ದಿನ ಕೆಳಗೆ. ಅವಳಿಗೆ ಓದು ಬಾರದು. ನಾನೂ ಈವರೆಗೆ ಅವಳಿಗೆ ಏನೂ ಹೇಳಿಲ್ಲ.